ಓದುಗರ ಪ್ರಶ್ನೆ, ನಮ್ಮ ಉತ್ತರ: 4294967297ರ ಸುತ್ತ

ಹಿಂದಿನ ಸಂಚಿಕೆಯ ಚುಟುಕೊಂದರಲ್ಲಿ, 4294967297 ಅವಿಭಾಜ್ಯ ಸಂಖ್ಯೆ ಎಂದು ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ, ಮುಂದಿನ ಶತಮಾನದ ಗಣಿತಜ್ಞ ಆಯ್ಲರ್ ಅದನ್ನು 641ರಿಂದ ಭಾಗಿಸಿ ತೋರಿಸಿದ ಎಂದಷ್ಟೇ ಬರೆದಿದ್ದೆವು. ಅದರ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಕೆಳಗೆ "ನಮ್ಮ ಸಂಖ್ಯೆ" ಎಂದಿರುವ ಕಡೆಯೆಲ್ಲ 4294967297 ಎಂದೇ ಓದಿಕೊಳ್ಳಿ.

ಪ್ರಶ್ನೆ: ಇಷ್ಟೊಂದು ಸಂಖ್ಯೆಗಳಿರುವಾಗ ಫರ್ಮಾ ಇದೊಂದನ್ನೇ ಏಕೆ ಹಿಡಿದ? ಇದನ್ನು ಓದುವುದು ಹೇಗೆ? (ಪಿಯು ವಿದ್ಯಾರ್ಥಿನಿ, ಹಾಸನ)

ಓದುವುದು ಹೀಗೆ: ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಹುಟ್ಟು ಇನ್ನೂ ಸರಳ: 2³² + 1.

2ರಿಂದ ಶುರುಮಾಡಿ ವರ್ಗ ಮಾಡುತ್ತಾ ಹೋಗಿ: 2, 4, 16, 256, 65536, 4294967296. ಪ್ರತಿಯೊಂದಕ್ಕೂ 1 ಕೂಡಿಸಿದರೆ 3, 5, 17, 257, 65537, 4294967297. ಮೊದಲ ಐದೂ ಅವಿಭಾಜ್ಯಗಳು. ಹಾಗಾಗಿ ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂದು ಫರ್ಮಾ 1640ರಲ್ಲಿ ಗಣಿತಜ್ಞ ಫ್ರೆನಿಕ್ಲ್‌ಗೆ ಬರೆದ. ಅದಕ್ಕೆ ಪುರಾವೆ ಕೈಗೆ ಸಿಕ್ಕಿಲ್ಲ ಎಂದೂ ಒಪ್ಪಿಕೊಂಡಿದ್ದ. ಇವುಗಳಿಗೆ ಫರ್ಮಾ ಸಂಖ್ಯೆಗಳೆಂಬ ಹೆಸರು ಬಂದದ್ದು ಹಾಗೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 3 ಸೊನ್ನೆಯನೆಯದು, ನಮ್ಮ ಸಂಖ್ಯೆ ಐದನೆಯದು. 1729ರ ಡಿಸೆಂಬರ್‌ನಲ್ಲಿ ಗೋಲ್ಡ್‌ಬಾಖ್ ಎಂಬ ಗಣಿತಜ್ಞ ತನ್ನ ಪತ್ರದ ಕೊನೆಯಲ್ಲಿ ಈ ವಿಷಯ ಎತ್ತಿ ಆಯ್ಲರ್‌ನನ್ನು ಕೆಣಕಿದ. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟ: 4294967297 = 641 × 6700417.

ಪ್ರಶ್ನೆ: 641ರವರೆಗೆ ನೂರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಆಯ್ಲರ್ ಎಲ್ಲದರಿಂದಲೂ ಭಾಗಿಸಿ ನೋಡಿದನೇ? (ನಿವೃತ್ತ ಗಣಿತ ಶಿಕ್ಷಕರು, ಶಿರಸಿ)

ಇಲ್ಲ. ಅವನು ಭಾಗಿಸಿ ನೋಡಬೇಕಾದದ್ದು ಐದೇ ಐದು. ಏಕೆಂದು ನೋಡೋಣ.

ಒಂದು ಅವಿಭಾಜ್ಯ ಸಂಖ್ಯೆ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಅದರಿಂದ 2³²ನ್ನು ಭಾಗಿಸಿದರೆ ಶೇಷ −1 (ಪೂರ್ತಿ ಭಾಗವಾಗಲು ಒಂದು ಕಡಿಮೆ ಎಂದರ್ಥ). ವರ್ಗ ಮಾಡಿದರೆ 2⁶⁴ರ ಶೇಷ 1. ಅಂದರೆ 2, 4, 8, 16... ಎಂದು ಹೋಗುವ ಘಾತಗಳ ಶೇಷಗಳು 64 ಹೆಜ್ಜೆಗೊಮ್ಮೆ ಮೊದಲಿನಿಂದ ಮರುಕಳಿಸುತ್ತವೆ. 32ನೇ ಹೆಜ್ಜೆಯಲ್ಲಿ ಶೇಷ −1 ಇರುವುದರಿಂದ ಈ ಸುತ್ತು 64ಕ್ಕಿಂತ ಚಿಕ್ಕದಾಗಲು ಸಾಧ್ಯವಿಲ್ಲ. ಇನ್ನೊಂದು ಕಡೆ ಫರ್ಮಾನದೇ ಚಿಕ್ಕ ಪ್ರಮೇಯವಿದೆ: ಭಾಜಕಕ್ಕಿಂತ ಒಂದು ಕಡಿಮೆ ಇರುವ ಘಾತಕ್ಕೆ 2ನ್ನು ಏರಿಸಿದರೆ ಶೇಷ 1. ಎರಡನ್ನೂ ಸೇರಿಸಿ ನೋಡಿದರೆ, ಭಾಜಕದಿಂದ 1 ಕಳೆದಾಗ ಬರುವುದು 64ರ ಮಗ್ಗಿಯಲ್ಲಿ ಇರಲೇಬೇಕು.

ಹಾಗಾಗಿ 64ರ ಮಗ್ಗಿಗೆ 1 ಕೂಡಿಸುತ್ತಾ ಹೋದರೆ ಸಾಕು: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ನಮ್ಮ ಸಂಖ್ಯೆಯನ್ನು ಇವುಗಳಿಂದ ಭಾಗಿಸಿದರೆ ಶೇಷಗಳು ಕ್ರಮವಾಗಿ 109, 2, 325, 288, ಮತ್ತು ಕೊನೆಗೆ 0.

1878ರಲ್ಲಿ ಲ್ಯೂಕಾ ಈ ನಿಯಮವನ್ನು ಇನ್ನೂ ಬಿಗಿಮಾಡಿದ. 64ರ ಬದಲು 128ರ ಮಗ್ಗಿಯನ್ನೇ ಹಿಡಿಯಬಹುದು ಎಂದು ತೋರಿಸಿದ. ಆಗ ಪಟ್ಟಿ 129, 257, 385, 513, 641. ಅವಿಭಾಜ್ಯಗಳು ಎರಡೇ: 257 ಮತ್ತು 641. ಇವುಗಳಲ್ಲಿ 257 ಸ್ವತಃ ಫರ್ಮಾ ಸಂಖ್ಯೆ. ಒಂದು ಫರ್ಮಾ ಸಂಖ್ಯೆಗೂ ಇನ್ನೊಂದಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರುವುದಿಲ್ಲ, ಆದ್ದರಿಂದ ಅದನ್ನು ನೋಡಬೇಕಾಗಿಯೇ ಇಲ್ಲ. ಉಳಿದದ್ದು 641 ಒಂದೇ. ಮೊದಲ ಏಟಿಗೇ ಬಿತ್ತು!

ಇದರಲ್ಲಿ ನಮಗೆ ವಿಚಿತ್ರವೆನಿಸುವುದು ಫರ್ಮಾನ ವಿಷಯ. ಅದೇ 1640ರಲ್ಲಿ 2³⁷ − 1 ಎಂಬ ಇನ್ನೂ ದೊಡ್ಡ ಸಂಖ್ಯೆಗೆ ಇಂಥದ್ದೇ ಉಪಾಯದಿಂದ 223 ಎಂಬ ಅಪವರ್ತನವನ್ನು ಹುಡುಕಿದವನು ಅವನು. ಆ ಅಸ್ತ್ರವನ್ನು ಇಲ್ಲಿಯೂ ಬಳಸಿದ್ದರೆ 641 ಅವನ ಕೈಯಲ್ಲೇ ಸಿಗಬೇಕಿತ್ತು. ಬಳಸಿ, ಭಾಗಾಕಾರದಲ್ಲಿ ಎಲ್ಲೋ ಒಂದು ಅಂಕಿ ತಪ್ಪಿರಬಹುದು ಎಂಬುದು ನಮ್ಮ ಊಹೆ, ಅಷ್ಟೇ.

ಪ್ರಶ್ನೆ: ನನ್ನ ಕ್ಯಾಲ್ಕುಲೇಟರಿನಲ್ಲಿ 8 ಅಂಕಿ ಮಾತ್ರ ಹಿಡಿಯುತ್ತದೆ. ಈ ಸಂಖ್ಯೆಯನ್ನು ಒತ್ತಲೂ ಆಗುವುದಿಲ್ಲ. 641ರ ಲೆಕ್ಕ ಪರೀಕ್ಷಿಸುವುದು ಹೇಗೆ? (ಅಂಗಡಿ ಮಾಲೀಕರು, ಚಿತ್ರದುರ್ಗ)

ಇಡೀ ಸಂಖ್ಯೆಯನ್ನು ಒತ್ತಬೇಡಿ, ಶೇಷಗಳಲ್ಲಿ ಕೆಲಸ ಮಾಡಿ. 2¹⁶ = 65536. ಇದನ್ನು 641ರಿಂದ ಭಾಗಿಸಿದರೆ 102 ಚಿಲ್ಲರೆ ಬರುತ್ತದೆ. 102 × 641 = 65382. ಕಳೆದರೆ ಶೇಷ 154. 2³² ಎಂದರೆ 2¹⁶ರ ವರ್ಗ, ಹಾಗಾಗಿ 154ರ ವರ್ಗ ಸಾಕು: 23716. ಈಗ 37 × 641 = 23717. ಒಂದೇ ಒಂದು ಕಡಿಮೆ. ಆ ಒಂದನ್ನು ಕೂಡಿಸುವುದೇ "+ 1". ಮುಗಿಯಿತು. ಐದಂಕಿ ದಾಟಲೇ ಇಲ್ಲ.

ಒಂದು ಎಚ್ಚರಿಕೆ. ಶೇಷ ಬೇಕಾದಾಗ ಹಲವರು ದಶಮಾಂಶದ ಭಾಗವನ್ನಷ್ಟೇ ಉಳಿಸಿಕೊಂಡು ಭಾಜಕದಿಂದ ಗುಣಿಸುತ್ತಾರೆ. ಇಲ್ಲಿ 0.24024 ಎಂದು ಐದು ಸ್ಥಾನಕ್ಕೆ ನಿಲ್ಲಿಸಿ ಗುಣಿಸಿದರೆ 153.99384 ಬರುತ್ತದೆ. ಬಿಂದುವಿನ ಹಿಂದಿನದನ್ನು ನೋಡಿ 153 ಎಂದು ಬರೆದುಕೊಂಡರೆ ಮುಂದಿನದೆಲ್ಲ ಹಾಳು. ಪೂರ್ಣಾಂಕ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಕಳೆಯುವುದೇ ಕ್ಷೇಮ.

ಕ್ಯಾಲ್ಕುಲೇಟರೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ. 641 = 5 × 128 + 1, ಹಾಗೆಯೇ 641 = 625 + 16, ಅಂದರೆ 5⁴ + 2⁴. ಮೊದಲನೆಯದರ ಪ್ರಕಾರ 5 × 2⁷ರ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1. ಎರಡನೆಯದರ ಪ್ರಕಾರ 5⁴ ಇರುವಲ್ಲಿ −2⁴ ಇಡಬಹುದು. ಇಟ್ಟರೆ −2³²ರ ಶೇಷ 1, ಅಂದರೆ 2³² + 1ರ ಶೇಷ ಸೊನ್ನೆ.

ಪ್ರಶ್ನೆ: ಇನ್ನೊಂದು ಅಪವರ್ತನ 6700417 ಅವಿಭಾಜ್ಯವೇ? ಅದನ್ನು ಯಾರೂ ಹೇಳುವುದೇ ಇಲ್ಲ.

ಅವಿಭಾಜ್ಯವೇ, ಮತ್ತು ಅದನ್ನು ಅರ್ಧ ಪುಟದಲ್ಲಿ ತೋರಿಸಬಹುದು. 2589ರ ವರ್ಗ 6702921, ಇದು 6700417ನ್ನು ಮೀರುತ್ತದೆ. ಆದ್ದರಿಂದ 2588ರವರೆಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಎಲ್ಲವನ್ನೂ ಹಿಡಿದು ಕೂತರೆ ಮುನ್ನೂರಕ್ಕೂ ಹೆಚ್ಚು ಭಾಗಾಕಾರ. ಆದರೆ 6700417ನ್ನು ಭಾಗಿಸುವುದೆಲ್ಲ ನಮ್ಮ ಸಂಖ್ಯೆಯನ್ನೂ ಭಾಗಿಸುತ್ತದೆ, ಹಾಗಾಗಿ 128ರ ಮಗ್ಗಿಯ ನಿಯಮ ಅದಕ್ಕೂ ಅನ್ವಯ. 2588ರೊಳಗೆ 128ರ ಮಗ್ಗಿಗೆ 1 ಕೂಡಿಸಿದಾಗ ಸಿಗುವ ಅವಿಭಾಜ್ಯಗಳು 257, 641, 769, 1153, 1409. ಮಿಕ್ಕವೆಲ್ಲ ಒಡೆಯುತ್ತವೆ: 1537 = 29 × 53, 1793 = 11 × 163, 2177 = 7 × 311, 2561 = 13 × 197, ಹೀಗೆ. 257ನ್ನು ಮೇಲೆಯೇ ಕೈಬಿಟ್ಟಿದ್ದೇವೆ. ಉಳಿದ ನಾಲ್ಕರಿಂದ 6700417ನ್ನು ಭಾಗಿಸಿದರೆ ಶೇಷಗಳು ಕ್ರಮವಾಗಿ 44, 120, 334, 622. ಎಲ್ಲಿಯೂ ಸೊನ್ನೆಯಿಲ್ಲ. 641ನ್ನು ಎರಡನೇ ಸಲ ನೋಡಿದ್ದೇಕೆ ಎಂದು ಕೇಳಬೇಡಿ. ಒಂದೇ ಅಪವರ್ತನ ಎರಡು ಸಲ ಬರುವುದು ಅಪರೂಪದ ಸಂಗತಿಯಲ್ಲ.

ಹೀಗಾಗಿ ನಮ್ಮ ಸಂಖ್ಯೆಗೆ ಅಪವರ್ತನಗಳು ಒಟ್ಟು ನಾಲ್ಕು: 1, 641, 6700417, ಮತ್ತು ಅದೇ. ನಾಲ್ಕರ ಮೊತ್ತ 4301668356.

ಪ್ರಶ್ನೆ: ಮಗನ ಹತ್ತಿರ ಇರುವ ಪುಸ್ತಕದಲ್ಲಿ ಒಂದು ಪರೀಕ್ಷೆ ಇದೆ. ಒಂದು ಸಂಖ್ಯೆಯಿಂದ 1 ಕಳೆದು, ಅಷ್ಟನೇ ಘಾತಕ್ಕೆ 2ನ್ನು ಏರಿಸಿ, ಆ ಸಂಖ್ಯೆಯಿಂದಲೇ ಭಾಗಿಸಿದಾಗ ಶೇಷ 1 ಬಂದರೆ ಅವಿಭಾಜ್ಯ ಎಂದಿದೆ. 4294967297 ಇದರಲ್ಲಿ ಪಾಸಾಗುತ್ತದೆ. ಹಾಗಾದರೆ ಆಯ್ಲರ್ ಹೇಳಿದ್ದು? (ತಾಯಿ, ಮಂಗಳೂರು)

ಪುಸ್ತಕದ ಮಾತು ಅರ್ಧ ಮಾತ್ರ ಸರಿ. ಶೇಷ 1 ಬರದಿದ್ದರೆ ಸಂಖ್ಯೆ ಖಂಡಿತ ಅವಿಭಾಜ್ಯವಲ್ಲ (2 ಒಂದನ್ನು ಬಿಟ್ಟು). ಬಂದರೆ ಮಾತ್ರ ಏನನ್ನೂ ಖಚಿತವಾಗಿ ಹೇಳುವಂತಿಲ್ಲ. ಮೋಸ ಮಾಡುವ ಮೊದಲ ಸಂಖ್ಯೆ 341. ಅದು 11 × 31 ಆಗಿಯೂ ಪಾಸಾಗುತ್ತದೆ.

ನಮ್ಮ ಸಂಖ್ಯೆಯ ಮಟ್ಟಿಗೆ ಈ ಪರೀಕ್ಷೆ ಪೂರ್ತಿ ನಿರುಪಯೋಗಿ, ಕಾರಣ ಕಣ್ಣೆದುರಿಗೇ ಇದೆ. 2³²ರ ಶೇಷ −1, 2⁶⁴ರ ಶೇಷ 1. ನಮ್ಮ ಸಂಖ್ಯೆಯಿಂದ 1 ಕಳೆದರೆ 2³², ಅದು 64ರ ಮಗ್ಗಿಯಲ್ಲೇ ಇದೆ. ಹಾಗಾಗಿ ಶೇಷ 1 ಬಂದೇ ಬರುತ್ತದೆ. ಫರ್ಮಾ ಸಂಖ್ಯೆ ಯಾವುದಾದರೂ, ಒಡೆದರೂ ಒಡೆಯದಿದ್ದರೂ, ಇದರಲ್ಲಿ ಪಾಸು.

2ರ ಬದಲು 3 ಹಿಡಿಯಿರಿ. 1877ರಲ್ಲಿ ಪೆಪಾಂ ಎಂಬ ಪಾದ್ರಿ ಕೊಟ್ಟ ಪರೀಕ್ಷೆ ಇದು: 3 ಬಿಟ್ಟು ಉಳಿದ ಫರ್ಮಾ ಸಂಖ್ಯೆಗಳಲ್ಲಿ, ಸಂಖ್ಯೆಯಿಂದ 1 ಕಳೆದು ಅರ್ಧ ಮಾಡಿ, ಅಷ್ಟನೇ ಘಾತಕ್ಕೆ 3ನ್ನು ಏರಿಸಿ. ಶೇಷ −1 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಎರಡೂ ಕಡೆ ಖಚಿತ. ನಮ್ಮ ಸಂಖ್ಯೆಗೆ ಇದನ್ನು ಮಾಡಲು 3ನ್ನು ಸತತ 31 ಸಲ ವರ್ಗ ಮಾಡಬೇಕು, ಪ್ರತಿ ಸಲವೂ ಶೇಷ ಮಾತ್ರ ಉಳಿಸಿಕೊಳ್ಳಬೇಕು. 31ನೇ ಸಲಕ್ಕೆ ಬರುವುದು 10324303. −1 ಆಗಿದ್ದರೆ 4294967296 ಬರಬೇಕಿತ್ತು. ಇನ್ನೊಂದು ಸಲ ವರ್ಗ ಮಾಡಿದರೆ 3029026160. ಅದು 1 ಅಲ್ಲ. ಅಪವರ್ತನ ಯಾವುದೆಂದು ತಿಳಿಯದೆಯೇ ಸಂಖ್ಯೆ ಒಡೆಯುತ್ತದೆ ಎಂದು ಗೊತ್ತಾಯಿತು.

ಪ್ರಶ್ನೆ: ಸಿ ಭಾಷೆಯಲ್ಲಿ 2³² + 1 ಬರೆಸಿದರೆ ಒಮ್ಮೆ 35, ಇನ್ನೊಮ್ಮೆ 1 ಬಂತು. ಪೈಥಾನ್‌ನಲ್ಲಿಯೂ 35. ಮೇಲಿನಂಥ ಪರೀಕ್ಷೆ ಬರೆಯುವಾಗ ಏನೇನು ನೋಡಿಕೊಳ್ಳಬೇಕು? (ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ)

35 ಬಂದದ್ದು ಟೋಪಿ ಗುರುತಿನಿಂದ (^). ಈ ಎರಡೂ ಭಾಷೆಗಳಲ್ಲಿ ಅದು ಘಾತದ ಚಿಹ್ನೆಯಲ್ಲ, ಬಿಟ್‌ಗಳನ್ನು ಹೋಲಿಸಿ ಬೇರೆಬೇರೆ ಇದ್ದಲ್ಲಿ 1 ಇಡುವ ಚಿಹ್ನೆ. ಜೊತೆಗೆ ಕೂಡುವ ಚಿಹ್ನೆಗೆ ಆದ್ಯತೆ ಹೆಚ್ಚು, ಹಾಗಾಗಿ ಮೊದಲು 32 + 1 = 33 ಆಗಿ, ಆಮೇಲೆ 2 ಮತ್ತು 33 ಸೇರಿ 35 ಆಯಿತು. ಪೈಥಾನ್‌ನಲ್ಲಿ ಎರಡು ನಕ್ಷತ್ರ (**) ಹಾಕಿ.

1 ಬಂದದ್ದು 32 ಬಿಟ್‌ಗಳ ಡಬ್ಬಿಯಿಂದ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4294967295. ಅದಕ್ಕೆ ಒಂದು ಸೇರಿದರೆ 0, ಇನ್ನೊಂದು ಸೇರಿದರೆ 1. ನಮ್ಮ ಸಂಖ್ಯೆ ಅಂಚಿನಿಂದ ಸರಿಯಾಗಿ ಎರಡು ಹೆಜ್ಜೆ ಆಚೆ ಇದೆ. ಲಾಂಗ್ (long) ಎಂಬ ವಿಧವನ್ನು ಬರೆದರೆ ಸಾಲದು: 64 ಬಿಟ್‌ನ ಲಿನಕ್ಸ್‌ನಲ್ಲಿ ಅದು 64 ಬಿಟ್, ವಿಂಡೋಸ್‌ನಲ್ಲಿ 32. ಅಗಲವನ್ನು ಸ್ಪಷ್ಟವಾಗಿ 64 ಎಂದು ಹೇಳುವ ವಿಧವನ್ನೇ ಬಳಸಿ.

ಅಷ್ಟಾದರೂ ಒಂದು ಗುಂಡಿ ಉಳಿಯುತ್ತದೆ, ಅದನ್ನು ಹುಡುಕುವುದು ಕಷ್ಟ. ವರ್ಗ ಮಾಡುವಾಗ ಶೇಷ ಗರಿಷ್ಠ 4294967296 ಇರಬಹುದು. ಅದರ ವರ್ಗ ಸರಿಯಾಗಿ 2⁶⁴. ಚಿಹ್ನೆಯಿಲ್ಲದ 64 ಬಿಟ್‌ನ ಮಿತಿ 2⁶⁴ − 1. ಹಾಗಾಗಿ ಆ ಒಂದೇ ಒಂದು ಶೇಷದ ವರ್ಗ ತುಂಬಿ ಚೆಲ್ಲಿ 0 ಆಗುತ್ತದೆ, ಉಳಿದ ಯಾವ ಗುಣಾಕಾರವೂ ತಪ್ಪುವುದಿಲ್ಲ. ದುರದೃಷ್ಟಕ್ಕೆ ಆ ಶೇಷವೇ ನಮ್ಮ −1. ಆಧಾರ (ಘಾತಕ್ಕೆ ಏರಿಸುವ ಸಂಖ್ಯೆ) 2 ಇಟ್ಟು ಓಡಿಸಿದರೆ ಐದನೇ ವರ್ಗಕ್ಕೆ −1 ಬಂದು, ಆರನೆಯದಕ್ಕೆ 1 ಬರಬೇಕಾದಲ್ಲಿ 0 ಬಂದು ಕೂರುತ್ತದೆ. ಆಧಾರ 3 ಇಟ್ಟವರಿಗೆ ಈ ತೊಂದರೆ ಕಾಣಿಸುವುದಿಲ್ಲ. ಗುಣಿಸುವ ಮುನ್ನ ಶೇಷ 4294967296 ಇದೆಯೇ ಎಂದು ಪ್ರತ್ಯೇಕವಾಗಿ ನೋಡಿ, ಇಲ್ಲವೇ 128 ಬಿಟ್‌ನಲ್ಲಿ ಗುಣಿಸಿ.

ಪೈಥಾನ್‌ನಲ್ಲಿ ಅಳತೆಯ ಚಿಂತೆಯಿಲ್ಲ, ಆದರೆ ಪೌ (pow) ಎಂಬ ಫಂಕ್ಷನ್‌ಗೆ ಮೂರೂ ಸಂಖ್ಯೆಗಳನ್ನು ಒಟ್ಟಿಗೆ ಕೊಡಬೇಕು: 3, 2147483648, 4294967297. ಮೊದಲು ಘಾತ, ಆಮೇಲೆ ಶೇಷ ಎಂದು ಎರಡು ಹಂತ ಮಾಡಿದರೆ ನಡುವೆ ನೂರು ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ ಹುಟ್ಟಿ ಕಂಪ್ಯೂಟರ್ ಏಳುವುದೇ ಇಲ್ಲ.

ಪ್ರಶ್ನೆ: ಎರಡು ವರ್ಗಗಳ ಮೊತ್ತದಿಂದ ಅಪವರ್ತನ ಸಿಗುತ್ತದೆ ಎಂದು ಕೇಳಿದ್ದೇನೆ. ಇಲ್ಲಿ ಮಾಡಿ ತೋರಿಸುವಿರಾ? (ಬಿಎಸ್‌ಸಿ ವಿದ್ಯಾರ್ಥಿ, ಧಾರವಾಡ)

ಇಷ್ಟು ಚೆನ್ನಾದ ಉದಾಹರಣೆ ಬೇರೆ ಸಿಗುವುದು ಕಷ್ಟ. ಅವಿಭಾಜ್ಯ ಸಂಖ್ಯೆಯೊಂದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬಂದರೆ ಒಂದೇ ರೀತಿಯಲ್ಲಿ ಬರುತ್ತದೆ. ಎರಡು ರೀತಿಯಲ್ಲಿ ಬಂದರೆ ಅದು ಅವಿಭಾಜ್ಯವಲ್ಲ, ಮತ್ತು ಆ ಎರಡರಿಂದಲೇ ಅಪವರ್ತನ ಹೊರಬರುತ್ತದೆ. ನಮ್ಮ ಸಂಖ್ಯೆಗೆ 65536² + 1² ಸ್ಪಷ್ಟ. ಇನ್ನೊಂದು 62264² + 20449². ಕೂಡಿ ನೋಡಿ: 3876805696 + 418161601.

ಈಗ ಸಮವನ್ನು ಸಮದ ಜೊತೆ, ಬೆಸವನ್ನು ಬೆಸದ ಜೊತೆ ಇಡಿ. ವ್ಯತ್ಯಾಸಗಳು: 65536 − 62264 = 3272, 20449 − 1 = 20448. ಇವೆರಡರ ಮ.ಸಾ.ಅ. 8. ಮೊತ್ತಗಳು: 127800 ಮತ್ತು 20450. ಇವುಗಳ ಮ.ಸಾ.ಅ. 50. ಎರಡನ್ನೂ ಅರ್ಧ ಮಾಡಿ: 4 ಮತ್ತು 25. ವರ್ಗಗಳ ಮೊತ್ತ 16 + 625 = 641! ವ್ಯತ್ಯಾಸಗಳನ್ನು 8ರಿಂದ ಭಾಗಿಸಿದರೆ 409 ಮತ್ತು 2556. ಅವುಗಳ ವರ್ಗಗಳ ಮೊತ್ತ 167281 + 6533136 = 6700417.

ಸಮಕ್ಕೆ ಬೆಸವನ್ನು ಜೋಡಿಸಿದರೆ ಬೆಸ ಸಂಖ್ಯೆಗಳು ಬಂದು ಅರ್ಧ ಮಾಡುವಲ್ಲಿ ಲೆಕ್ಕ ನಿಲ್ಲುತ್ತದೆ, ಅದೊಂದನ್ನು ಗಮನಿಸಿ. ಆದರೆ ಎರಡನೇ ಜೋಡಿಯನ್ನು ಹುಡುಕುವ ಶ್ರಮ 641ನ್ನು ಹುಡುಕುವುದಕ್ಕಿಂತ ಎಷ್ಟೋ ಹೆಚ್ಚು. ನೋಡಲು ಚೆಂದ, ಕೆಲಸಕ್ಕೆ ಮಗ್ಗಿಯೇ ವಾಸಿ.

ಪ್ರಶ್ನೆ: 641ಕ್ಕೆ 10ರ ಘಾತಗಳ ಜೊತೆಗೂ ನಂಟಿದೆಯೇ?

ಇದೆ. 10⁸ನ್ನು 641ರಿಂದ ಭಾಗಿಸಿದರೂ ಶೇಷ 154, ಅಂದರೆ 2¹⁶ಕ್ಕೆ ಬಂದದ್ದೇ. ಹಾಗಾಗಿ 641 ಸಂಖ್ಯೆಯು 10¹⁶ + 1ನ್ನೂ ಭಾಗಿಸುತ್ತದೆ, ಮತ್ತು 1/641ರ ದಶಮಾಂಶ 32 ಅಂಕಿಗಳಿಗೊಮ್ಮೆ ಮರುಕಳಿಸುತ್ತದೆ.

ಪ್ರಶ್ನೆ: ಕೈವಾರದಿಂದ 17 ಭುಜಗಳ ಆಕೃತಿ ಬರೆಯಬಹುದಂತೆ. 4294967297 ಭುಜಗಳದ್ದು? (ಪ್ರೌಢಶಾಲಾ ಶಿಕ್ಷಕಿ, ತುಮಕೂರು)

ಬರೆಯಲಾಗದು, ಊಹೆಯಲ್ಲಿಯೂ ಆಗದು. 17 ಭುಜಗಳ ಸಮಬಹುಭುಜವನ್ನು ಕೈವಾರ ಮತ್ತು ಅಳತೆಗುರುತಿಲ್ಲದ ಪಟ್ಟಿಯಿಂದ ರಚಿಸಬಹುದೆಂದು ಗೌಸ್ 1796ರಲ್ಲಿ ಕಂಡುಕೊಂಡ. ಭುಜಗಳ ಸಂಖ್ಯೆ ಬೆಸವಾಗಿದ್ದರೆ, ಅದು ಬೇರೆಬೇರೆ ಅವಿಭಾಜ್ಯ ಫರ್ಮಾ ಸಂಖ್ಯೆಗಳ ಗುಣಲಬ್ಧವಾಗಿರಬೇಕು. ಬೇರೆ ಯಾವುದಕ್ಕೂ ಆಗದು ಎಂಬ ಅರ್ಧವನ್ನು 1837ರಲ್ಲಿ ವಾಂಟ್ಸೆಲ್ ಸಾಧಿಸಿದ. 641 ಫರ್ಮಾ ಸಂಖ್ಯೆಯಲ್ಲ, ಅದು ಒಳಗೆ ಕೂತಿರುವುದರಿಂದ ನಮ್ಮ ಸಂಖ್ಯೆ ಅನರ್ಹ.

ಆದರೆ ಎರಡು ಭುಜ ಕಡಿಮೆ ಮಾಡಿ ನೋಡಿ. 4294967295 = 3 × 5 × 17 × 257 × 65537. ಗೊತ್ತಿರುವ ಐದೂ ಅವಿಭಾಜ್ಯ ಫರ್ಮಾ ಸಂಖ್ಯೆಗಳ ಗುಣಲಬ್ಧ. ರಚಿಸಬಹುದೆಂದು ಗೊತ್ತಿರುವ ಬೆಸ ಭುಜಗಳ ಆಕೃತಿಗಳಲ್ಲಿ ಇದೇ ಅತಿ ದೊಡ್ಡದು. ಫರ್ಮಾ ಸಂಖ್ಯೆಗಳಿಗೆ ಪರಸ್ಪರ ಸಾಮಾನ್ಯ ಅಪವರ್ತನ ಇಲ್ಲ ಎಂದು ಮೇಲೆ ಹೇಳಿದ್ದಕ್ಕೂ ಇದೇ ಆಧಾರ: ಹಿಂದಿನವುಗಳನ್ನೆಲ್ಲ ಗುಣಿಸಿ 2 ಕೂಡಿಸಿದರೆ ಮುಂದಿನದು ಬರುತ್ತದೆ. ಎರಡಕ್ಕೂ ಸಾಮಾನ್ಯವಾದದ್ದು 2ನ್ನೂ ಭಾಗಿಸಬೇಕು, ಇವೆಲ್ಲ ಬೆಸ ಸಂಖ್ಯೆಗಳು.

ಪ್ರಶ್ನೆ: ಮುಂದಿನ ಫರ್ಮಾ ಸಂಖ್ಯೆಗಳಲ್ಲಿ ಒಂದಾದರೂ ಅವಿಭಾಜ್ಯ ಸಿಕ್ಕಿದೆಯೇ?

ಇಲ್ಲ. ಐದನೆಯದರಿಂದ ಮೂವತ್ತೆರಡನೆಯದರವರೆಗೆ ಎಲ್ಲವೂ ಒಡೆಯುತ್ತವೆಂದು ಸಾಬೀತಾಗಿದೆ. ಆರನೆಯದು 18446744073709551617 = 274177 × 67280421310721; 1880ರಲ್ಲಿ ಲಾಂಡ್ರಿ ಪ್ರಕಟಿಸಿದ. ಇಲ್ಲಿ 256ರ ಮಗ್ಗಿ ಹಿಡಿಯಬೇಕು, ಮತ್ತು 274177 ಸಿಗುವುದು 1071ನೇ ಸಾಲಿನಲ್ಲಿ. ನಮ್ಮ ಸಂಖ್ಯೆಯಲ್ಲಿ 128ರ ಮಗ್ಗಿಯ ಐದನೇ ಸಾಲಿಗೇ ಕೆಲಸ ಮುಗಿದಿತ್ತು. ಹನ್ನೊಂದನೆಯದರವರೆಗೆ ಪೂರ್ತಿ ಅಪವರ್ತಿಸಲಾಗಿದೆ. ಇಪ್ಪತ್ತನೆಯದು ಮತ್ತು ಇಪ್ಪತ್ತನಾಲ್ಕನೆಯದು ಒಡೆಯುತ್ತವೆಂದು ಪೆಪಾಂ ಪರೀಕ್ಷೆಯಿಂದ ಗೊತ್ತು, ಒಂದು ಅಪವರ್ತನವೂ ಕೈಗೆ ಸಿಕ್ಕಿಲ್ಲ. ಮೂವತ್ತಮೂರನೆಯದರಲ್ಲಿ 258 ಕೋಟಿಗೂ ಹೆಚ್ಚು ಅಂಕಿಗಳಿವೆ. ಅದು ಅವಿಭಾಜ್ಯವೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ.